ಐಇ 600, ಐಇ 900: ಐದು ಡೆಸಿಬೆಲ್ ಕಳೆದ ಮೇಲೆ ಉಳಿದ ವ್ಯತ್ಯಾಸ

ಸೆನ್‌ಹೈಸರ್ ಕಂಪನಿಯ ಐಇ 600 ಇಯರ್‌ಫೋನ್ ನನ್ನ ಹತ್ತಿರ ಒಂದೂವರೆ ವರ್ಷದಿಂದ ಇದೆ. ಗೆಳೆಯ ಅದೇ ಕಂಪನಿಯ ಐಇ 900 ತಗೊಂಡಾಗ ಎರಡು ವಾರಕ್ಕೆ ಇಸ್ಕೊಂಡು ಬಂದೆ. ಎರಡರಲ್ಲೂ ಸದ್ದು ಹುಟ್ಟಿಸುವ ಡ್ರೈವರ್ ಒಂದೊಂದೇ, 7 ಮಿಲಿಮೀಟರಿನದು. 900 ಬಂದದ್ದು 2021ರಲ್ಲಿ, 1,299 ಡಾಲರಿಗೆ. 600 ಮರುವರ್ಷ, 699ಕ್ಕೆ. ಜಾಸ್ತಿ ಕೊಡುವ ಆ 600 ಡಾಲರ್ ಕಿವಿಗೆ ಕೇಳುತ್ತದಾ ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಮೊದಲ ದಿನ 900 ಸುಲಭವಾಗಿ ಗೆದ್ದಿತು. ಎಲ್ಲವೂ ಸ್ಪಷ್ಟ, ವಿಶಾಲ. ಆಮೇಲೆ ಹೊಳೆಯಿತು, ನಾನು ವಾಲ್ಯೂಮ್ ಮುಟ್ಟಿಯೇ ಇರಲಿಲ್ಲ. ಕಂಪನಿಯ ಲೆಕ್ಕದಲ್ಲಿ ಒಂದು ವೋಲ್ಟಿಗೆ 900 ಕೊಡುವುದು 123 ಡೆಸಿಬೆಲ್, 600 ಕೊಡುವುದು 118. ಅಂದರೆ ಅದೇ ವಾಲ್ಯೂಮಿನಲ್ಲಿ 900 ಐದು ಡೆಸಿಬೆಲ್ ಜೋರು. ಸ್ವಲ್ಪ ಜೋರಾದದ್ದನ್ನು ಕಿವಿ ‘ಜೋರು’ ಅನ್ನುವುದಿಲ್ಲ, ‘ಚೆನ್ನಾಗಿದೆ’ ಅನ್ನುತ್ತದೆ. ಪ್ಲೇಯರಿನಲ್ಲಿ 900ಕ್ಕೆ ಐದು ಡೆಸಿಬೆಲ್ ಇಳಿಸಿದೆ. ಹಿಂದಿನ ದಿನ ಕೇಳಿದ ವ್ಯತ್ಯಾಸದಲ್ಲಿ ಅರ್ಧದಷ್ಟು ಅಲ್ಲೇ ಹೋಯಿತು.

ಇನ್ನೊಂದು, ಟಿಪ್, ಅಂದರೆ ಕಿವಿಯೊಳಗೆ ಕೂರುವ ಮೆತ್ತನೆಯ ತುದಿ. ನನ್ನ ಬಲಗಿವಿ ಸ್ವಲ್ಪ ಸಣ್ಣದು, ಎಡಕ್ಕೆ ಮೀಡಿಯಂ, ಬಲಕ್ಕೆ ಸ್ಮಾಲ್ ಬೇಕು. ಗಾಳಿ ಸೋರಿದರೆ ಬೇಸ್, ಅಂದರೆ ತಗ್ಗಿನ ಸದ್ದು, ಸೋರಿತು ಅಂತಲೇ ಲೆಕ್ಕ. ದವಡೆ ಆಡಿಸಿದಾಗ ಬೇಸ್ ಬದಲಾದರೆ ಟಿಪ್ ಸರಿಯಾಗಿ ಕೂತಿಲ್ಲ. ಎರಡಕ್ಕೂ ಒಂದೇ ತರದ, ಒಂದೇ ಅಳತೆಯ ಟಿಪ್ ಹಾಕಿದೆ.

ಕೇಳಲು ಆರಿಸಿದ್ದು ಮನೆಯ ಹಾಲಿನಲ್ಲಿ ನಾನೇ ರೆಕಾರ್ಡ್ ಮಾಡಿದ್ದು: ಅತ್ತೆಯವರ ಹಾಡು, ತಂಬೂರಿ, ಮಗಳ ಮೃದಂಗ. ನಾನು ಅಲ್ಲೇ ಎರಡು ಮಾರು ದೂರ ಕೂತಿದ್ದೆ, ಹಾಗಾಗಿ ನಿಜವಾಗಿ ಹೇಗಿತ್ತು ಅಂತ ಗೊತ್ತು. ಬೇರೆಯವರ ರೆಕಾರ್ಡಿಂಗಿನಲ್ಲಿ ಈ ಅನುಕೂಲ ಇಲ್ಲ ಅಲ್ವಾ?

ಮೃದಂಗದ ಎಡಗಡೆಗೆ ಹಸಿ ರವೆ ಮೆತ್ತಿತ್ತು. ಮಗಳು ಅಂಗೈ ಒತ್ತಿ ಜಾರಿಸುವಾಗ ಬರುವ ಆ ‘ಗುಂ’ 600ರಲ್ಲಿ ಬಿಗಿಯಾಗಿ ಬಂದು ಬೇಗ ಮುಗಿಯುತ್ತದೆ. 900ರಲ್ಲಿ ಇನ್ನೂ ಕೆಳಕ್ಕಿಳಿದು, ಒಂದು ಗಳಿಗೆ ನಿಂತು ಹೋಗುತ್ತದೆ, ಹಾಲಿನಲ್ಲಿ ನಾನು ಕೇಳಿದ್ದೂ ಹಾಗೇ. ತಂಬೂರಿ ತಂತಿಯ ಕೆಳಗೆ ದಾರ ಸರಿಯಾಗಿ ಕೂತಾಗ ಏಳುವ ಝೇಂಕಾರವೂ 900ರಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಅತ್ತೆಯವರ ದನಿ ಅದರಲ್ಲಿ ಒಂದು ಹೆಜ್ಜೆ ಹಿಂದೆ ನಿಂತ ಹಾಗೆ. 600ರಲ್ಲಿ ಎದುರಿಗೇ ಇದ್ದಾರೆ.

ಸುಮ್ನೆ ಅನಿಸಿಕೆಯೋ ಏನೋ ಅಂತ ಕಣ್ಣು ಕಟ್ಟಿಕೊಂಡು ಕೂತೆ. 900ರ ಮೈಮೇಲೆ ಗೀರಿನ ಸಾಲು, 600ದು ಒರಟು. ಬೆರಳಿಗೇ ಗೊತ್ತಾಗಿಬಿಡುತ್ತದೆ, ಹಾಗಾಗಿ ಕಿವಿಗೆ ಹಾಕಿದ್ದು, ವಾಲ್ಯೂಮ್ ಬದಲಿಸಿದ್ದು ಎರಡೂ ನನ್ನ ಹೆಂಡತಿ. ‘ಯಾವ್ದು, ಬೇಗ ಹೇಳಿ’ ಅಂತ 12 ಸಲ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೃದಂಗದಲ್ಲಿ ಹತ್ತು ಸರಿ ಹೇಳಿದೆ. ದನಿ ಒಂದರಲ್ಲೇ ಕೇಳಿದಾಗ 12ಕ್ಕೆ ಏಳು, ಅದು ಊಹೆಗೆ ಹತ್ತಿರವೇ. ಹಾಗಾಗಿ ದನಿಯ ಬಗ್ಗೆ ಮೇಲೆ ಬರೆದದ್ದನ್ನು ನೀವು ಅಷ್ಟಕ್ಕಷ್ಟೇ ನಂಬಿ. ಮೃದಂಗದ ಮಾತನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ.

900 ವಾಪಸ್ ಕೊಟ್ಟೆ. ಮಗಳ ರೆಕಾರ್ಡಿಂಗನ್ನೂ ಗೆಳೆಯನಿಗೆ ಕಳಿಸಿದ್ದೇನೆ, ಆ ‘ಗುಂ’ ಅವನಿಗೂ ಹಾಗೇ ಕೇಳುತ್ತದಾ ನೋಡಬೇಕು.