ಕರೆಂಟ್ ಹೋದ ಸಂಜೆ ನರಮಂಡಲ ಕಲಿಯುವುದು ಹೇಗೆ

ಜುಲೈ ಮಳೆಯಲ್ಲಿ ಮಡಿಕೇರಿ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತೆ ಅಂತ ಯಾರೂ ಕೇಳುವುದಿಲ್ಲ. ಅಂಥ ಒಂದು ಸಂಜೆ, ಹತ್ತನೇ ಕ್ಲಾಸಿನ ಅಕ್ಕನ ಮಗಳು ವಿಜ್ಞಾನ ಪುಸ್ತಕ ಹಿಡಿದು ಕೂತಿದ್ದಳು. "ಮಾಮ, ಈ ನ್ಯೂರಾನ್ ಚಿತ್ರ ಎಷ್ಟು ಸಲ ಬರೆದರೂ ಮರೆತುಹೋಗುತ್ತೆ" ಅಂದಳು. ಪುಸ್ತಕ ಮುಚ್ಚಿಸಿದೆ. ನರಮಂಡಲ ನಮ್ಮ ಮೈಯಲ್ಲೇ ಇದೆ ಅಲ್ವಾ, ಮೊದಲು ಅಲ್ಲಿ ನೋಡೋಣ, ಚಿತ್ರ ಆಮೇಲೆ. ಬೇಕಾಗುವುದು ಒಂದು ಸ್ಕೇಲು, ಒಂದು ಟಾರ್ಚು, ಜೊತೆಗೆ ಒಬ್ಬರು.

ಮೊದಲು ಮೊಣಕಾಲು. ಕಾಲು ನೆಲಕ್ಕೆ ತಾಗದಷ್ಟು ಎತ್ತರದ ಮೇಜಿನ ಮೇಲೆ ಕೂರಿಸಿ, ಕಾಲನ್ನು ಪೂರ್ತಿ ಸಡಿಲ ಬಿಡಲು ಹೇಳಿ. ಮಂಡಿಚಿಪ್ಪಿನ ಕೆಳಗೆ ಬೆರಳಿಟ್ಟರೆ ಗಟ್ಟಿ ಹಗ್ಗದಂಥದ್ದು ಸಿಗುತ್ತೆ. ಅದರ ಮೇಲೆ ಅಂಗೈ ಅಂಚಿನಿಂದ ಚುರುಕಾಗಿ ಒಮ್ಮೆ ತಟ್ಟಿ, ಜೋರು ಬೇಡ. ಕಾಲು ತಾನಾಗಿ ಮುಂದಕ್ಕೆ ಒದೆಯುತ್ತೆ. ಒದೆಯದಿದ್ದರೆ ಗಾಬರಿ ಬೇಡ. ಎರಡು ಕೈಯ ಬೆರಳುಗಳನ್ನು ಕೊಕ್ಕೆಯಂತೆ ಸಿಕ್ಕಿಸಿ ಆಚೀಚೆ ಎಳೆಯಲು ಹೇಳಿ, ಆ ಹೊತ್ತಿಗೇ ತಟ್ಟಿ. ನಮ್ಮ ಹುಡುಗಿಗೆ ಮೂರನೇ ಸಲಕ್ಕೆ ಬಂತು. "ನಾನು ಒದ್ದಿಲ್ಲ!" ಅಂತ ಕೂಗಿದಳು.

ನಿಜ, ಅವಳು ಒದ್ದಿರಲಿಲ್ಲ. ತಟ್ಟಿದಾಗ ತೊಡೆಯ ಸ್ನಾಯು ಚೂರೇ ಚೂರು ಹಿಗ್ಗುತ್ತೆ. ಆ ಸುದ್ದಿಯನ್ನು ಒಂದು ನರಕೋಶ (ಪುಸ್ತಕದ ನ್ಯೂರಾನ್ ಅಂದರೆ ಇದೇ) ಬೆನ್ನುಹುರಿಗೆ ಒಯ್ದು ಇನ್ನೊಂದಕ್ಕೆ ದಾಟಿಸುತ್ತೆ, ಅದು ಅದೇ ಸ್ನಾಯುವಿಗೆ ಬಿಗಿಯಾಗು ಅನ್ನುತ್ತೆ. ಮೆದುಳಿಗೆ ಗೊತ್ತಾಗುವುದು ಆಮೇಲೆ. ಕಟ್ಟಿಗೆ ಒಲೆಯ ಮೇಲಿನ ಬಿಸಿ ಪಾತ್ರೆ ಮುಟ್ಟಿದಾಗ ಉರಿ ಗೊತ್ತಾಗುವ ಮೊದಲೇ ಕೈ ಹಿಂದಕ್ಕೆ ಬಂದಿರುತ್ತಲ್ಲ, ಅದೂ ಬೆನ್ನುಹುರಿಯದೇ ಕೆಲಸ.

ಆ ದಾಟುವ ಜಾಗದ ಹೆಸರು ಸಿನಾಪ್ಸ್. ಇಲ್ಲಿ ಸ್ವಲ್ಪ ನಿಲ್ಲಿ, ಹೆಚ್ಚಿನ ಮಕ್ಕಳು ತಪ್ಪುವುದು ಇಲ್ಲೇ. ಎರಡು ನರಕೋಶಗಳು ತಂತಿಗೆ ತಂತಿ ಸೇರಿಸಿದ ಹಾಗೆ ಅಂಟಿಕೊಂಡಿರುವುದಿಲ್ಲ, ನಡುವೆ ಸಣ್ಣ ಸಂದು ಇರುತ್ತೆ. ದುಬಾರೆಗೆ ಹೋಗುವಾಗ ರಸ್ತೆ ಹೊಳೆಯ ದಡದಲ್ಲಿ ಮುಗಿಯುತ್ತೆ, ಆಚೆ ದಡಕ್ಕೆ ದೋಣಿ ಹತ್ತಬೇಕು. ಹಾಗೆಯೇ ಕೋಶದ ಉದ್ದಕ್ಕೂ ವಿದ್ಯುತ್ತಾಗಿ ಓಡಿದ ಸುದ್ದಿ, ಸಂದು ಬಂದ ಕೂಡಲೇ ರಾಸಾಯನಿಕದ ದೋಣಿ ಹತ್ತುತ್ತೆ. ಕೋಶ ಅಂದರೆ ಚಿಕ್ಕದು ಅಂದುಕೊಳ್ಳಬೇಡಿ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಒಂದೊಂದು ಆಕ್ಸಾನ್, ಅಂದರೆ ನರಕೋಶದ ಉದ್ದನೆಯ ಎಳೆ, ಸುಮಾರು 1 ಮೀಟರ್ ಉದ್ದ!

ಈಗ ಸ್ಕೇಲು. ನೀವು ಮೇಲಿನ ತುದಿ ಹಿಡಿದು ನೇತುಹಾಕಿ. ಎದುರಿನವರು ಸೊನ್ನೆಯ ಹತ್ತಿರ ಬೆರಳು ಅಗಲಿಸಿ ಕಾಯಲಿ. ಹೇಳದೆ ಬಿಡಿ. 15 ಸೆಂಟಿಮೀಟರಿನಲ್ಲಿ ಹಿಡಿದರೆ ತೆಗೆದುಕೊಂಡ ಸಮಯ ಸುಮಾರು 0.17 ಸೆಕೆಂಡ್. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ವೇಗದ ನರಗಳಲ್ಲಿ ಸುದ್ದಿ ಸೆಕೆಂಡಿಗೆ 120 ಮೀಟರ್‌ವರೆಗೂ ಓಡುತ್ತೆ, ಅದಕ್ಕೆ ಕಾರಣ ಮೈಲಿನ್ ಎಂಬ ಕೊಬ್ಬಿನ ಹೊದಿಕೆ. ಆದರೂ ಇಷ್ಟು ಹೊತ್ತು ಯಾಕೆ? ಕಣ್ಣು ಕಂಡದ್ದು ಮೆದುಳಿನ ಹಿಂಭಾಗಕ್ಕೆ ಹೋಗಿ, ಹಿಡಿ ಅನ್ನುವ ತೀರ್ಮಾನವಾಗಿ, ಬೆನ್ನುಹುರಿ ಇಳಿದು ಕೈಗೆ ಬರಬೇಕು. ದಾರಿಯಲ್ಲಿ ದೋಣಿಗಳು ಜಾಸ್ತಿ.

ಟಾರ್ಚಿನ ಕೆಲಸ ಎರಡೇ ನಿಮಿಷ. ಒಂದು ಕಣ್ಣಿಗೆ ಪಕ್ಕದಿಂದ ಕ್ಷಣ ಮಾತ್ರ ಬೆಳಕು ಬಿಟ್ಟು ಇನ್ನೊಂದು ಕಣ್ಣನ್ನು ನೋಡಿ. ಅದರ ಪಾಪೆಯೂ ಕುಗ್ಗುತ್ತೆ. ಇದು ಮೆದುಳಿನ ಬುಡದಲ್ಲಿರುವ ಮೆದುಳುಕಾಂಡದ್ದು. ಉಸಿರಾಟ ನೋಡಿಕೊಳ್ಳುವುದೂ ಅದೇ.

ಕೊನೆಯದನ್ನು ಮಾಡಿ ನೋಡುವುದು ಬೇಡ, ನೆನಪಿಸಿಕೊಂಡರೆ ಸಾಕು. ಮಬ್ಬುಗತ್ತಲಲ್ಲಿ ತೋಟದಿಂದ ಬರುವಾಗ ಪಕ್ಕದಲ್ಲೇ ಕೊಂಬೆ ಮುರಿದ ಸದ್ದು. ಆನೆ! ಎದೆ ಡವಡವ, ಬಾಯಿ ಒಣಗುತ್ತೆ. ಅದು ಅಪಾಯಕ್ಕೆ ಮೈಯನ್ನು ಸಜ್ಜು ಮಾಡುವ ಸಿಂಪಥೆಟಿಕ್ ನರಗಳ ಕೆಲಸ. ಮನೆ ಸೇರಿ ಬೆಲ್ಲದ ಕಾಫಿ ಕುಡಿಯುತ್ತಾ ಎದೆ ಸಮಾಧಾನಕ್ಕೆ ಬರುವಾಗ ಮೈಯನ್ನು ತಣ್ಣಗಾಗಿಸುವ ಪ್ಯಾರಾಸಿಂಪಥೆಟಿಕ್ ನರಗಳ ಕೈ ಮೇಲಾಗಿರುತ್ತೆ.

ಇಷ್ಟಾದ ಮೇಲೆ ಕಾಗದ ಕೊಡಿ. ಮೆದುಳು, ಬೆನ್ನುಹುರಿ ಬರೆದು ಕೇಂದ್ರ ನರಮಂಡಲ ಅಂತ ಹೆಸರಿಡಲಿ. ಮೆದುಳಿನಿಂದ ಹೊರಡುವ 12 ಜೊತೆ, ಬೆನ್ನುಹುರಿಯಿಂದ ಹೊರಡುವ 31 ಜೊತೆ ನರಗಳು ಪರಿಧಿ ನರಮಂಡಲದವು. ಮೊಣಕಾಲಿನ ದಾರಿಯನ್ನು ಪುಸ್ತಕ ನೋಡದೆ ಎಳೆಯಲಿ. ನಮ್ಮವಳು ಮೇಣದಬತ್ತಿ ಬೆಳಕಲ್ಲಿ ಮಂಡಿಯಿಂದ ಸೊಂಟದ ಮೇಲಿನವರೆಗೆ ಗೆರೆ ಎಳೆದು, ಅಲ್ಲೇ ತಿರುಗಿಸಿ ತೊಡೆಗೆ ತಂದಳು. ತಿರುವಿನಲ್ಲಿ ಒಂದು ಪುಟ್ಟ ದೋಣಿ ಬರೆದಿದ್ದಳು.