ಬ್ರಿಟನ್ನಿನಲ್ಲಿ ಫರ್ಟಿಲಿಟಿ ನರ್ಸ್ ಆಗಬೇಕೆಂದರೆ

ಊರಿನ ಐವಿಎಫ್ ಸೆಂಟರ್‌ನಲ್ಲಿ ದುಡಿದು ಬಂದ ನರ್ಸ್‌ಗಳಿಗೆ ಇಲ್ಲಿ ಮೊದಲು ಹೊಸದೆನಿಸುವುದು ಸ್ಕ್ಯಾನ್ ಕೋಣೆ. ಭಾರತದಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯಿಂದಾಗಿ ಸ್ಕ್ಯಾನ್ ಮಾಡುವ ಪ್ರೋಬ್ ವೈದ್ಯರ ಕೈಯಲ್ಲೇ ಇರುತ್ತದೆ. ಬ್ರಿಟನ್ನಿನಲ್ಲಿ ತರಬೇತಿ ಪಡೆದ ನರ್ಸ್‌ಗಳೇ ಫಾಲಿಕಲ್ (ಅಂಡಾಶಯದಲ್ಲಿ ಅಂಡ ಬೆಳೆಯುವ ಪುಟ್ಟ ಚೀಲ) ಅಳೆಯುತ್ತಾರೆ. ಅನುಭವ ಆದ ಮೇಲೆ ಐಯುಐ (ವೀರ್ಯವನ್ನು ಗರ್ಭಕೋಶದೊಳಗೆ ಬಿಡುವುದು), ಎಂಬ್ರಿಯೊ ಟ್ರಾನ್ಸ್‌ಫರ್ (ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವುದು) ಕೂಡ ಮಾಡುತ್ತಾರೆ. 1978ರಲ್ಲಿ ಮೊದಲ ಐವಿಎಫ್ ಮಗು ಹುಟ್ಟಲು ಕಾರಣರಾದ ಮೂವರಲ್ಲಿ ಜೀನ್ ಪರ್ಡಿ ನರ್ಸಿಂಗ್ ಕಲಿತವರು ಎಂಬುದನ್ನು ಇಲ್ಲಿ ನೆನೆಯಲೇಬೇಕು.

ಮೊದಲ ಮೆಟ್ಟಿಲು ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿಯಲ್ಲಿ ನೋಂದಣಿ. ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7 ಬರಬೇಕು, ಬರವಣಿಗೆಗೆ ಮಾತ್ರ 6.5 ಸಾಕು. ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿ ಪರೀಕ್ಷೆಯನ್ನು ಊರಲ್ಲಿದ್ದಾಗಲೇ ಬರೆದು ಮುಗಿಸಿ. ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಹೆಸರಿನಲ್ಲಿ: ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು. ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ಗೆ ವೆರಿಫಿಕೇಶನ್ ಕೇಳುವ ಮೊದಲೇ ಇದನ್ನು ಸರಿಮಾಡಿಸಿಕೊಳ್ಳಿ. ಬ್ರಿಟನ್ನಿಗೆ ಬಂದ ಮೇಲೆ 10 ಸ್ಟೇಷನ್‌ಗಳ ಆಸ್ಕಿ, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಕೆಲಸ ಶುರುವಾದ 12 ವಾರದೊಳಗೆ ಮೊದಲ ಪ್ರಯತ್ನ ಆಗಬೇಕು, 8 ತಿಂಗಳೊಳಗೆ ಪಾಸಾಗಬೇಕು.

ಹೊರದೇಶದಿಂದ ನೇರವಾಗಿ ಫರ್ಟಿಲಿಟಿ ಕ್ಲಿನಿಕ್‌ಗೆ ಸೇರುವುದು ಕಷ್ಟ. ಮೊದಲು ಬ್ಯಾಂಡ್ 5ರಲ್ಲಿ (ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್‌ಗಳ ಆರಂಭಿಕ ಸಂಬಳದ ಶ್ರೇಣಿ) ಗೈನಕಾಲಜಿ ವಾರ್ಡ್, ಅರ್ಲಿ ಪ್ರೆಗ್ನೆನ್ಸಿ (ಗರ್ಭದ ಮೊದಲ ತಿಂಗಳುಗಳ) ಯೂನಿಟ್ ಅಥವಾ ಆಪರೇಷನ್ ಥಿಯೇಟರ್ ರಿಕವರಿ ಆರಿಸಿಕೊಳ್ಳಿ. ನಮ್ಮ ಮಾತು ಕೇಳುವುದಾದರೆ ಅರ್ಲಿ ಪ್ರೆಗ್ನೆನ್ಸಿಯೇ ಒಳ್ಳೆಯದು, ಗರ್ಭ ನಿಲ್ಲದವರ ಎದುರು ಕೂತು ಮಾತಾಡುವುದನ್ನು ಅದು ಕಲಿಸುತ್ತದೆ. ಆಮೇಲೆ ಕ್ಲಿನಿಕ್‌ಗೆ ಹೋಗುವಾಗ, ಅವರಿಗೆ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದವರನ್ನು ವೀಸಾ ಮೇಲೆ ಕೆಲಸಕ್ಕೆ ಇಟ್ಟುಕೊಳ್ಳುವ ಪರವಾನಗಿ) ಇದೆಯೇ ನೋಡಿ. ಹೊಸ ವೀಸಾ ಅನುಮತಿ ಕೈಗೆ ಬರುವ ಮುಂಚೆ ಹಳೆಯ ಕೆಲಸ ಬಿಡಬೇಡಿ.

ಕ್ಲಿನಿಕ್‌ಗಳೆಲ್ಲ ಫರ್ಟಿಲಿಟಿ ಚಿಕಿತ್ಸೆಯ ನಿಯಂತ್ರಕ ಸಂಸ್ಥೆ ಎಚ್‌ಎಫ್‌ಇಎ ಲೈಸೆನ್ಸ್‌ನಡಿ ನಡೆಯುತ್ತವೆ. ಅಲ್ಲಿ ಸಿರಿಂಜಿನಷ್ಟೇ ಮುಖ್ಯ ಒಪ್ಪಿಗೆ ಫಾರಂ. ಮದುವೆಯಾಗದ ಜೋಡಿ ದಾನಿಯ ವೀರ್ಯ ಬಳಸುತ್ತಾರೆ ಎನ್ನಿ. ಸಂಗಾತಿ ಕಾನೂನಿನಂತೆ ಪೋಷಕರಾಗಲು ಒಪ್ಪಿಗೆಯಾಗಿ, ಚಿಕಿತ್ಸೆಗೆ ಮುಂಚೆ ಆಕೆ ಡಬ್ಲ್ಯೂಪಿ ಫಾರಂಗೆ, ಸಂಗಾತಿ ಪಿಪಿ ಫಾರಂಗೆ ಸಹಿ ಹಾಕಿರಬೇಕು. ಒಂದು ತಪ್ಪಿದರೂ ಸಂಗಾತಿಯ ಪೋಷಕತ್ವವೇ ಪ್ರಶ್ನೆಗೆ ಬೀಳುತ್ತದೆ. ಹಲವು ಕ್ಲಿನಿಕ್‌ಗಳಲ್ಲಿ ಫಾರಂ ಕಾಣೆಯಾಗಿ, ತಪ್ಪಾಗಿ ತುಂಬಿ, ಆ ಪ್ರಕರಣಗಳು 2015ರಲ್ಲಿ ಹೈಕೋರ್ಟಿನಲ್ಲಿ ತೀರ್ಮಾನವಾದವು. ತೊಟ್ಟಿಲಿನಿಂದ ಸಾಕಿದ ಮಗುವಿಗೆ ತಾವೇ ಪೋಷಕರೆಂದು ಆ ಸಂಗಾತಿಗಳು ಕೋರ್ಟಿನಲ್ಲಿ ಕೇಳಿಕೊಳ್ಳಬೇಕಾಯಿತು. ದಾನಿಯ ಗುರುತು ಗುಟ್ಟಾಗಿರುತ್ತದೆ ಎಂದು ಊರಿನ ರೂಢಿಯಲ್ಲಿ ಬಾಯಿತಪ್ಪಿ ಹೇಳಬೇಡಿ. 2005ರ ಏಪ್ರಿಲ್ 1ರಿಂದ ಇಲ್ಲಿ ನೋಂದಾಯಿಸಿದ ದಾನಿ ಯಾರೆಂದು ಮಗು 18 ತುಂಬಿದ ಮೇಲೆ ಕೇಳಿ ತಿಳಿಯಬಹುದು.

ದಿನನಿತ್ಯ ಹೆಚ್ಚು ಎಚ್ಚರ ಬೇಡುವುದು ಅಂಡಗಳನ್ನು ಕೊನೆಗೆ ಪಕ್ವಗೊಳಿಸುವ ಟ್ರಿಗರ್ ಇಂಜೆಕ್ಷನ್. ಅಂಡ ತೆಗೆಯುವ ಸುಮಾರು 36 ಗಂಟೆ ಮುಂಚೆ ಅದು ಬೀಳಬೇಕು. ಬುಧವಾರ ಮಧ್ಯಾಹ್ನ 12:30ಕ್ಕೆ ಅಂಡ ತೆಗೆಯುವ ಥಿಯೇಟರ್ ಇದ್ದರೆ ಇಂಜೆಕ್ಷನ್ ಮಂಗಳವಾರ 00:30ಕ್ಕೆ, ಅಂದರೆ ನಮ್ಮ ಮಾತಿನಲ್ಲಿ ಸೋಮವಾರ ರಾತ್ರಿ. ಫೋನಿನಲ್ಲಿ ಬರೀ "ಮಂಗಳವಾರ ರಾತ್ರಿ ಹನ್ನೆರಡೂವರೆ" ಎಂದರೆ ಆಕೆ ಒಂದು ದಿನ ತಡವಾಗಿ ಚುಚ್ಚಿಕೊಂಡಾರು. ಆಗ ಉಳಿಯುವುದು ಬರೀ 12 ಗಂಟೆ, ಅಂಡಗಳು ಪಕ್ವವಾಗಿರುವುದಿಲ್ಲ, ಚಿಕಿತ್ಸೆಯ ಇಡೀ ಸೈಕಲ್ ಹಾಳು. ಆದ್ದರಿಂದ "ಸೋಮವಾರ ರಾತ್ರಿ ಊಟ ಮಾಡಿ ಎಚ್ಚರವಾಗಿರಿ, ಮಧ್ಯರಾತ್ರಿ ಕಳೆದು ಅರ್ಧ ಗಂಟೆಗೆ ಚುಚ್ಚಿಕೊಳ್ಳಿ" ಎಂದು ಹೇಳಿ, ಆಕೆಯ ಬಾಯಲ್ಲೇ ಮತ್ತೆ ಹೇಳಿಸಿ, ಬರೆದೂ ಕಳಿಸಿ, ಫೈಲಿನಲ್ಲಿ ಕರೆಯ ಸಮಯದೊಂದಿಗೆ ನಮೂದಿಸಿ.