ಗಟ್ಟಿಮೇಳಕ್ಕೆ ಮುಂಚೆ ಕ್ಯಾಮೆರಾ ಎಲ್ಲಿರಬೇಕು?

ತಾಳಿಗೆ ಒಂದು ಗಂಟು ಬಿದ್ದಿದೆ ಅನ್ನುವಾಗ "ಸಾರ್, ಹಾಗೇ ಇರಿ, ಈ ಕಡೆ ನೋಡಿ" ಎಂದು ಫೋಟೊದವರ ಕೂಗು. ಪುರೋಹಿತರು ಮಂತ್ರ ನಿಲ್ಲಿಸಿ ಕಾಯುತ್ತಾರೆ. ಬಹುಪಾಲು ಆಲ್ಬಮ್‌ಗಳು ತಯಾರಾಗುವುದು ಹೀಗೆಯೇ. ಯಾರನ್ನೂ ತಡೆಯದೆ, ನಡೆದದ್ದನ್ನು ನಡೆದ ಹಾಗೆ ತೆಗೆಯುವ ಡಾಕ್ಯುಮೆಂಟರಿ ಶೈಲಿಗೆ ಲೆನ್ಸ್‌ಗಿಂತ ಮೊದಲು ಬೇಕಾದದ್ದು ಶಾಸ್ತ್ರದ ಕ್ರಮದ ತಿಳಿವಳಿಕೆ. ಮುಂದೇನು ಅಂತ ಗೊತ್ತಿಲ್ಲದವರೇ ಮಂಟಪದ ಸುತ್ತ ಓಡಾಡಿ ಎಲ್ಲರ ಕಣ್ಣಿಗೂ ಬೀಳುವುದು. ಹಳೆ ಮೈಸೂರು ಕಡೆಯ ಛತ್ರದ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿವರ.

ಒಂದು ವಾರ ಮುಂಚೆ

ಮನೆಯವರ ಜೊತೆ ಕೂತು ಮಾತಾಡಿ. ಶಾಸ್ತ್ರದ ಹೊತ್ತಿನಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ, ನಿಂತು ತೆಗೆಸಿಕೊಳ್ಳುವ ಫೋಟೊಗಳಿಗೆ ಬೇರೆಯೇ ಅರ್ಧ ಗಂಟೆ ಇರುತ್ತದೆ ಎಂದು ಆಗಲೇ ಹೇಳಿಬಿಡಿ. ಯಾರ್‍ಯಾರ ಗುಂಪು ಬೇಕು ಎಂಬ ಪಟ್ಟಿ ಬರೆಸಿಕೊಳ್ಳಿ. ಹತ್ತು ಹನ್ನೆರಡು ದಾಟಿದರೆ ಅರ್ಧ ಗಂಟೆ ಸಾಲದು. ಎಲ್ಲರನ್ನೂ ಹೆಸರು ಹಿಡಿದು ಕರೆಯಬಲ್ಲ ಸೋದರಮಾವನೋ ಚಿಕ್ಕಪ್ಪನೋ ಒಬ್ಬರು ಜೊತೆಗಿರಲಿ. ಇಷ್ಟು ಮಾಡದಿದ್ದರೆ ಚಿತ್ರ ಎಷ್ಟೇ ಚೆನ್ನಾಗಿರಲಿ, "ಅಜ್ಜಿಯದು ಒಂದೂ ಇಲ್ಲವಲ್ಲ" ಎಂಬ ಮಾತು ತಪ್ಪದು.

ಪುರೋಹಿತರನ್ನೂ ಕೇಳಿ: ವರಪೂಜೆ, ಕಾಶಿಯಾತ್ರೆ, ಅಂತರಪಟ, ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ, ಸಪ್ತಪದಿ ಯಾವುದರ ಹಿಂದೆ ಯಾವುದು? ಕ್ರಮ ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ವಿಡಿಯೊದವರ ಜೊತೆ ಯಾರು ಯಾವ ಪಕ್ಕ ನಿಲ್ಲುವುದು ಎಂದು ಮೊದಲೇ ಹಂಚಿಕೊಂಡರೆ ಮುಹೂರ್ತದಲ್ಲಿ ಮೊಣಕೈ ತಾಗುವುದು ತಪ್ಪುತ್ತದೆ.

ಕ್ಯಾಮೆರಾ ಸಿದ್ಧತೆ

ಎರಡು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ): ಒಂದಕ್ಕೆ ಅಗಲ ನೋಟದ 35 ಎಂಎಂ ಲೆನ್ಸ್, ಇನ್ನೊಂದಕ್ಕೆ ದೂರದ್ದನ್ನು ಹತ್ತಿರ ತರುವ 85 ಎಂಎಂ. 70-200 ಎಂಎಂ ಜೂಮಿನ ಉದ್ದದ ಲೆನ್ಸ್ ಎತ್ತಿದ ಕೂಡಲೇ ಎದುರಿನವರು ಸೆರಗು ಸರಿಮಾಡಿಕೊಳ್ಳುತ್ತಾರೆ, ಅಲ್ಲಿಗೆ ಚಿತ್ರ ಹೋಯಿತು. ಬೀಪ್ ಸದ್ದು, ಫೋಕಸ್‌ಗೆ ನೆರವಾಗುವ ಕೆಂಪು ದೀಪ, ಫ್ಲ್ಯಾಶ್ ಮೂರೂ ಬಂದ್. ಎರಡೂ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸಲಿ. ಇಲ್ಲವಾದರೆ ಕಂಪ್ಯೂಟರಿನಲ್ಲಿ ಧಾರೆಗಿಂತ ಮೊದಲೇ ಸಪ್ತಪದಿ ಆಗಿರುತ್ತದೆ! ತುಂಬಿದ ಬ್ಯಾಟರಿ ನಾಲ್ಕಾದರೂ ಇರಲಿ.

ಹೊಸಬರು ಎಡವುವುದು ಎಲ್‌ಇಡಿ ಬೆಳಕಿನಲ್ಲಿ. ನಮ್ಮ ವಿದ್ಯುತ್ 50 ಹರ್ಟ್ಸ್, ಹಾಗಾಗಿ ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಾಗದಿರಲಿ ಎಂದು ಎಲೆಕ್ಟ್ರಾನಿಕ್ ಶಟರ್ (ಪರದೆ ಚಲಿಸದೆ ಸೆನ್ಸರೇ ಚಿತ್ರ ಹಿಡಿಯುವುದು) ಹಾಕಿ 1/500 ಸೆಕೆಂಡಿನಲ್ಲಿ ತೆಗೆದರೆ ಚಿತ್ರದ ಉದ್ದಕ್ಕೂ ಕಪ್ಪು ಪಟ್ಟಿಗಳು. ಆಮೇಲೆ ತೆಗೆದುಹಾಕುವುದು ಬಹಳ ಕಷ್ಟ. ಒಳಾಂಗಣದಲ್ಲಿ ಮೆಕ್ಯಾನಿಕಲ್ ಶಟರ್, 1/100 ಸೆಕೆಂಡ್, ಎಫ್/2ರಿಂದ 2.8 (ಲೆನ್ಸಿನ ಕಿಂಡಿ ತೆರೆಯುವ ಅಳತೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸ್ಪಂದನೆ) 1600ರಿಂದ 6400 ಇಟ್ಟುಕೊಳ್ಳಿ. ವಾಲಗದ ನಡುವೆ ಶಟರಿನ ಸದ್ದು ಯಾರಿಗೂ ಕೇಳಿಸುವುದಿಲ್ಲ. ಹಿಂದಿನ ಸಂಜೆ ಮಂಟಪದ ದೀಪ ಹಾಕಿಸಿ ಒಂದು ಬಿಳಿ ಪಂಚೆಯನ್ನು ಹತ್ತು ಸಲ ತೆಗೆದು ನೋಡಿದರೆ ಪಟ್ಟಿ ಬರುತ್ತದೋ ಇಲ್ಲವೋ ಗೊತ್ತಾಗುತ್ತದೆ.

ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ರೂಪ) ಆಗಿರಲಿ. ಕೆಂಪು ರೇಷ್ಮೆ ಸೀರೆಯಲ್ಲಿ ಕೆಂಪು ಬಣ್ಣ ಒಂದೇ ಮುದ್ದೆಯಾಗಿ ನೆರಿಗೆಗಳು ಮಾಯವಾಗುವುದುಂಟು. ಮೂರು ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆಯ ನಕ್ಷೆ) ನೋಡಿ, ಎಕ್ಸ್‌ಪೋಷರ್ ಅರ್ಧ ಸ್ಟಾಪ್ (ಒಂದು ಸ್ಟಾಪ್ ತಗ್ಗಿದರೆ ಬೆಳಕು ಅರ್ಧ) ತಗ್ಗಿಸಿ.

ಮುಹೂರ್ತ

ಚಪ್ಪಲಿ ಹೊರಗೆ, ಮೈಮೇಲೆ ನೆಂಟರ ಹಾಗೆ ಪಂಚೆಯೋ ಹತ್ತಿ ಶರ್ಟೋ. ಜೇಬು ತುಂಬಿದ ಜಾಕೆಟ್ ಬೇಡ. ಬೆಳಿಗ್ಗೆ ಐದಕ್ಕೇ ಛತ್ರದಲ್ಲಿದ್ದು, ಹೂ ಕಟ್ಟುವವರ, ಅಡುಗೆ ಭಟ್ಟರ ನಡುವೆ ಓಡಾಡಿದ್ದರೆ ಒಂಬತ್ತರ ಹೊತ್ತಿಗೆ ನಿಮ್ಮ ಕ್ಯಾಮೆರಾ ಎಲ್ಲರಿಗೂ ಹಳೆಯದಾಗಿರುತ್ತದೆ. ಎಸಿ ಕೋಣೆಯಿಂದ ನೇರ ಅಡುಗೆಮನೆಗೆ ಹೋದರೆ ಲೆನ್ಸ್ ಮಂಜಾಗುತ್ತದೆ. ಹೊರಗೆ ಸ್ವಲ್ಪ ಹೊತ್ತು ಕಾಯಿರಿ.

ಅಂತರಪಟ ಹಿಡಿದಾಗ ಮಂಟಪದ ಎದುರಿನಿಂದ ಒಳ್ಳೆಯ ಚಿತ್ರ ಸಿಗುವುದು ಅಪರೂಪ. ಬಟ್ಟೆಯ ಒಂದು ತುದಿ ಹಿಡಿದವರ ಭುಜದ ಹಿಂದೆ 35 ಎಂಎಂ ಇಟ್ಟುಕೊಂಡು ನಿಂತರೆ ಆಚೆ ವರ, ಈಚೆ ವಧು, ನಡುವೆ ಕುಂಕುಮದ ಸ್ವಸ್ತಿಕ. ಪಟ ಸರಿದ ಕ್ಷಣ ಜೀರಿಗೆ-ಬೆಲ್ಲದ ಕೈಗಳು ತಲೆಯ ಮೇಲೆ ಹೋಗುತ್ತವೆ. ಆದರೆ ನಗು ಬರುವುದು ಕೈ ಇಳಿದ ಮೇಲೆ. ಬಟನ್‌ನಿಂದ ಬೆರಳು ತೆಗೆಯಬೇಡಿ.

ಧಾರೆಗೆ ಮೊಣಕಾಲೂರಿ ಕೂತುಬಿಡಿ. ಒಂದರ ಮೇಲೊಂದು ಹಿಡಿದ ಕೈಗಳ ಮೇಲೆ ಬೀಳುವ ನೀರಿನ ಎಳೆ ಆ ಎತ್ತರದಿಂದಲೇ ಕಾಣುವುದು, ಹಿಂದಿನ ಜನಕ್ಕೂ ಅಡ್ಡವಾಗುವುದಿಲ್ಲ. ನಾಲ್ಕು ಫ್ರೇಮ್ ಸಾಕು, ಆಮೇಲೆ ಕ್ಯಾಮೆರಾ ಹೆಣ್ಣಿನ ತಂದೆ-ತಾಯಿಯ ಮುಖದತ್ತ ತಿರುಗಲಿ.

ತಾಳಿಗೆ ಮುನ್ಸೂಚನೆ ಪುರೋಹಿತರ ಕೈ. ಅವರು ವಾಲಗದವರ ಕಡೆ ಕೈ ಎತ್ತಿದರೆ ಗಟ್ಟಿಮೇಳ. ಅದು ಕೇಳಿದ ಮೇಲೆ ಜಾಗ ಹುಡುಕಿದರೆ ಎದ್ದು ನಿಂತವರ ಬೆನ್ನುಗಳೇ ಸಿಗುತ್ತವೆ. ಗಂಟು ಬೀಳುವುದು ವಧುವಿನ ಕುತ್ತಿಗೆಯ ಹಿಂದೆ, ಜಡೆ ಎತ್ತಿ ಹಿಡಿಯುವ ನಾದಿನಿ ಅಲ್ಲೇ ಇರುತ್ತಾಳೆ. ಆದ್ದರಿಂದ ಐದು ನಿಮಿಷ ಮುಂಚೆಯೇ ವಧುವಿನ ಪಕ್ಕಕ್ಕೆ, ತುಸು ಹಿಂದಕ್ಕೆ ಸೇರಿಕೊಳ್ಳಿ. ಮೊದಲ ಗಂಟು 35ರಲ್ಲಿ, ಉಳಿದದ್ದು 85ರಲ್ಲಿ. 1/100ರಲ್ಲಿ ಅಕ್ಷತೆ ಗೆರೆಗಳಾಗಿ ಬೀಳುತ್ತದೆ, ಅದೇ ಚಂದ.

ಹೋಮದ ಹೊಗೆಯಲ್ಲಿ ಆಟೊಫೋಕಸ್ ಹಿಂದೆ ಮುಂದೆ ಅಲೆದಾಡುತ್ತದೆ. ಒಂದೇ ಫೋಕಸ್ ಬಿಂದುವನ್ನು ಬಾಸಿಂಗದ ಅಂಚಿಗೆ ಇಟ್ಟರೆ ಹಿಡಿಯುತ್ತದೆ. ಹೊಗೆಯ ಹಿಂದೆ ಕಿಟಕಿ ಬರುವಂತೆ ನಿಂತರೆ ಇನ್ನೂ ಒಳ್ಳೆಯದು.

ಪಂಕ್ತಿಯಲ್ಲಿ ಬಾಯಿಗೆ ತುತ್ತಿಡುವವರನ್ನು ತೆಗೆಯಬೇಡಿ. ಬಡಿಸುವ ಕೈ, ಎಲೆಯ ತುದಿಯ ಉಪ್ಪು ಸಾಕು. ಹೆಣ್ಣೊಪ್ಪಿಸುವಾಗ 85 ಎಂಎಂ, ನಾಲ್ಕು ಮಾರು ದೂರ. ಅಳುವವರು ನಿಮ್ಮತ್ತ ನೋಡಿದರೆ ಕ್ಯಾಮೆರಾ ಇಳಿಸಿಬಿಡಿ.

ಅಂದೇ ರಾತ್ರಿ ಕಾರ್ಡಿನಲ್ಲಿರುವುದೆಲ್ಲ ಎರಡು ಬೇರೆ ಬೇರೆ ಡಿಸ್ಕ್‌ಗಳಿಗೆ ಹೋಗಲಿ. ಮೂರು ಸಾವಿರ ಫ್ರೇಮ್‌ಗಳಲ್ಲಿ ಐನೂರು ಉಳಿದರೆ ಹೆಚ್ಚು. ಆಲ್ಬಮ್ ಮನೆಯವರ ಕೈಸೇರುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.